ಗೋಡೆ ಮೇಲಿನ ಫೋಟೋ ಹಿಂದೆ ಒಂದು ಹಾರ್ಮೋನಿಯಂ ತಿದಿ

ನಮ್ಮ ಚಿಕ್ಕಲಸಂದ್ರ ಈಗ ಬೆಂಗಳೂರಿನೊಳಗೇ ಸೇರಿಹೋಗಿದೆ. ಆದರೂ ಉತ್ತರಹಳ್ಳಿ ರಸ್ತೆ ಬಿಟ್ಟು ಹಳೇ ಊರಿನ ಕಡೆ ಹೋದರೆ ಕೆಲವು ಮನೆಗಳ ಗೋಡೆ ಮೇಲೆ ತಾತ ಅಜ್ಜಿಯ ಕಪ್ಪು ಬಿಳುಪು ಫೋಟೋ ಇನ್ನೂ ಇದೆ. ತಾತ ಕುರ್ಚಿಯಲ್ಲಿ ಕೂತಿರುತ್ತಾರೆ, ಅಜ್ಜಿ ಪಕ್ಕದಲ್ಲಿ ನಿಂತಿರುತ್ತಾರೆ. ಹಿಂದಿನ ಪರದೆಯಲ್ಲಿ ಅವರು ಯಾವತ್ತೂ ಹತ್ತದ ಅರಮನೆ ಮೆಟ್ಟಿಲು. ಇಬ್ಬರ ಮುಖದಲ್ಲೂ ನಗು ಇಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು.

ಯಾರು ತೆಗೆದದ್ದು ಅಂದರೆ ಸ್ಟುಡಿಯೋ ಹೆಸರು ಹೇಳುತ್ತಾರೆ. ಆ ಕ್ಯಾಮೆರಾ ಮಾಡಿದವರು ಯಾರು, ಫೋಟೋದ ಕಾಗದ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಇಲ್ಲೇ ಹತ್ತಿರದಲ್ಲಿರುವ ಒಬ್ಬ ಹಿರಿಯರು, ಮೊದಲು ಸ್ಟುಡಿಯೋ ನಡೆಸುತ್ತಿದ್ದವರು, ಮನೆಯ ಅಟ್ಟದಿಂದ ಮರದ ಕ್ಯಾಮೆರಾ ಇಳಿಸಿ ತೋರಿಸಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, 'ಫಾರಿನ್ನಾ ಸಾರ್?' ಅವರು ನಕ್ಕರು. 'ಪೆಟ್ಟಿಗೆ ಕೇರಳದ್ದು. ಕಣ್ಣು ಮಾತ್ರ ಫಾರಿನ್ನು' ಅಂದರು.

ಆ ಪೆಟ್ಟಿಗೆ ಕೆಲಸ ಮಾಡುವ ರೀತಿ ಗೊತ್ತಾದರೆ ಮುಂದಿನ ಕಥೆ ಸುಲಭ. ಮುಂದೆ ಲೆನ್ಸ್, ಹಿಂದೆ ಒಂದು ಮಸುಕು ಗಾಜು, ನಡುವೆ ಮಡಿಕೆ ಮಡಿಕೆಯಾದ ಕಪ್ಪು ತಿದಿ. ಲೆನ್ಸನ್ನು ಮುಂದಕ್ಕೂ ಹಿಂದಕ್ಕೂ ಸರಿಸಿದರೆ ತಿದಿ ಹಿಗ್ಗುತ್ತದೆ, ಕುಗ್ಗುತ್ತದೆ, ಆದರೆ ಒಳಗೆ ಬೆಳಕು ಬಿಡುವುದಿಲ್ಲ. ತಲೆ ಮೇಲೆ ಕಪ್ಪು ಬಟ್ಟೆ ಹೊದ್ದು ಗಾಜಿನಲ್ಲಿ ನೋಡಬೇಕು. ಎದುರಿನವರು ತಲೆಕೆಳಗಾಗಿ ಕಾಣುತ್ತಾರೆ. ಚಿತ್ರ ಚೂಪಾಗಿ ಮೂಡಿದ ಮೇಲೆ ಪ್ಲೇಟಿನ ಹಿಡಿಕೆ ಹಾಕಿ, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚಬೇಕು. ಅಷ್ಟು ಹೊತ್ತು ಕೂತವರು ಅಲ್ಲಾಡುವ ಹಾಗಿಲ್ಲ. ನಗುವನ್ನು ಅಲುಗದಂತೆ ಹಿಡಿದಿಡುವುದು ಕಷ್ಟ, ಗಂಭೀರ ಮುಖ ಸುಲಭ. ನಮ್ಮ ತಾತಂದಿರೆಲ್ಲ ಸಿಡುಕರಾಗಿರಲಿಲ್ಲ, ಅಷ್ಟೇ.

ಫುಲ್ ಪ್ಲೇಟ್ ಅಂದರೆ ಆರೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ನೆಗೆಟಿವ್ ಅಷ್ಟು ದೊಡ್ಡದಿದ್ದರೆ ಅದನ್ನು ಕಾಗದದ ಮೇಲಿಟ್ಟೇ ಪ್ರಿಂಟ್ ಹಾಕಬಹುದು, ದೊಡ್ಡದು ಮಾಡುವ ಯಂತ್ರ ಬೇಕಿಲ್ಲ. ಮುಖದ ಮೇಲಿನ ಸಿಡುಬಿನ ಕಲೆಯನ್ನು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದುತ್ತಿದ್ದರು. ಈಗ ಫೋನಿನಲ್ಲಿ ಬೆರಳು ಸವರಿ ಮಾಡುವುದನ್ನು ಆಗ ಪೆನ್ಸಿಲ್ ಚೂಪು ಮಾಡಿಕೊಂಡು ಮಾಡುತ್ತಿದ್ದರು.

ಇಂಥ ಕ್ಯಾಮೆರಾಗಳು ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದವು. ಥಾರ್ನ್‌ಟನ್ ಪಿಕಾರ್ಡ್ ಅಂಥ ಕಂಪನಿಗಳ ಹೆಸರು ಹಳಬರಿಗೆ ಗೊತ್ತು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಹೊರಗಿನ ಸಾಮಾನು ಸಿಗುವುದು ಕಷ್ಟವಾಯಿತು. ಆ 1940ರ ದಶಕದಲ್ಲೇ ಕೇರಳದ ಆಲಪ್ಪುಳದಲ್ಲಿ ಒಬ್ಬ ಸ್ಟುಡಿಯೋ ಮಾಲೀಕರ ವಿದೇಶಿ ಕ್ಯಾಮೆರಾದ ತಿದಿ ಹಾಳಾಯಿತು. ಯಾರ ಹತ್ತಿರ ತೆಗೆದುಕೊಂಡು ಹೋಗುವುದು? ಕ್ಯಾಮೆರಾ ರಿಪೇರಿಯವರಿಲ್ಲ. ಅವರು ಹೋದದ್ದು ಸಂಗೀತ ವಾದ್ಯ ಸರಿ ಮಾಡುವವರ ಮನೆಗೆ. ಹಾರ್ಮೋನಿಯಂಗೂ ತಿದಿ ಇದೆಯಲ್ಲ! ಗಾಳಿ ಸೋರದಂತೆ ಮಡಿಕೆ ಹಾಕಲು ಬಂದವರಿಗೆ ಬೆಳಕು ಸೋರದಂತೆ ಹಾಕುವುದು ಬರದೇ ಇರುತ್ತದೆಯೇ?

ಆ ಮನೆಯ ಮಗ ಕೆ. ಕರುಣಾಕರನ್ ತಿದಿ ಸರಿ ಮಾಡಿಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ಇದೊಂದು ರಿಪೇರಿ ಕಥೆ ಆಗುತ್ತಿತ್ತು. ಆದರೆ ಅವರು ಇಡೀ ಕ್ಯಾಮೆರಾವನ್ನೇ ಮಾಡಲು ಹೊರಟರು. ಮೈಗೆ ಚೆನ್ನಾಗಿ ಒಣಗಿಸಿದ ತೇಗ, ಮೂಲೆಗೆ, ತಿರುಪಿಗೆ ಹಿತ್ತಾಳೆ. ಲೆನ್ಸ್ ಮಾತ್ರ ಹೊರದೇಶದ್ದು. ಹೆಸರು ವಾಗೀಶ್ವರಿ, ಅಂದರೆ ಸರಸ್ವತಿ. ಸಂಗೀತದ ಮನೆಯವರು ಬೇರೆ ಹೆಸರು ಯಾಕೆ ಹುಡುಕಬೇಕು?

ಆಲಪ್ಪುಳದ ವಾಗೀಶ್ವರಿ ದೇಶದ ಮೂಲೆಮೂಲೆಯ ಸ್ಟುಡಿಯೋಗಳಿಗೆ ಹೋಯಿತು. ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು ವಿಷಯ. ಅದರ ಮರದ ಚೌಕಟ್ಟು ಸಡಿಲವಾದರೆ ಊರಿನ ಬಡಗಿ ಸರಿ ಮಾಡಬಲ್ಲ. ತಿರುಪು ಹೋದರೆ ಹಿತ್ತಾಳೆ ಕೆಲಸದವರು ಹಾಕಿಕೊಡುತ್ತಾರೆ. ಕಂಪನಿಗೆ ಪತ್ರ ಬರೆದು ಕಾಯುವ ಕೆಲಸವಿಲ್ಲ. ಹಾಗಾಗಿಯೇ 1980ರ ದಶಕದವರೆಗೂ ಅದಕ್ಕೆ ಗಿರಾಕಿ ಇದ್ದರು. ಆಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ, ಬಣ್ಣದ ರೀಲು, ಕಲರ್ ಲ್ಯಾಬ್ ಬಂದವು. ಕಪ್ಪು ಬಟ್ಟೆ ಹೊದೆಯುವವರು ಕಡಿಮೆಯಾದರು.

ಪೆಟ್ಟಿಗೆಯ ಮಾತಾಯಿತು. ಅದರೊಳಗೆ ಹಾಕುವ ಫಿಲಂ, ಪ್ರಿಂಟ್ ಹಾಕುವ ಕಾಗದ? ಅದನ್ನು ಬಡಗಿ ಮಾಡಲಾರ. ಅದಕ್ಕೆ ನಾವು ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಬೇಕು.

ನಮ್ಮ ಗಡಿಗೆ ಅಂಟಿಕೊಂಡ, ಕನ್ನಡಕ್ಕೆ ಬಹಳ ಹತ್ತಿರದ ಮಾತಾಡುವ ಬಡಗರ ಬೆಟ್ಟ ಅದು. ಆಗ ದೇಶದಲ್ಲಿ ವಿದೇಶಿ ವಿನಿಮಯಕ್ಕೆ ಭಾರಿ ಬರ. ಸಿನಿಮಾಗೆ, ಎಕ್ಸ್‌ರೇಗೆ, ಸ್ಟುಡಿಯೋಗೆ ಬೇಕಾದ ಫಿಲಂಗೆಲ್ಲ ಹೊರಗೆ ದುಡ್ಡು ಕೊಡಬೇಕಿತ್ತು. ಅದಕ್ಕೆ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಕಂಪನಿ ಕಟ್ಟಿತು. ತಂತ್ರಜ್ಞಾನ ಕೊಟ್ಟದ್ದು ಫ್ರಾನ್ಸಿನ ಬೋಶೆ. ಕೊಡಾಕ್‌ನಷ್ಟು ದೊಡ್ಡ ಹೆಸರಲ್ಲ. ಉತ್ಪಾದನೆ ಶುರುವಾದದ್ದು 1967ರಲ್ಲಿ.

ಊಟಿಯೇ ಯಾಕೆ? ಫಿಲಂ ಅಂದರೆ ತೆಳ್ಳಗಿನ ಹಾಳೆಯ ಮೇಲೆ ಬೆಳ್ಳಿಯ ಲವಣ ಬೆರೆಸಿದ ಜೆಲಾಟಿನ್ ಲೇಪ. ಜೆಲಾಟಿನ್ ಬರುವುದು ದನದ ಮೂಳೆ, ಚರ್ಮದಿಂದ. ಆ ಲೇಪದ ಮೇಲೆ ಒಂದು ಕಣ ಧೂಳು ಕೂತರೂ ಅಷ್ಟು ಜಾಗ ಹಾಳು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗಿಂತ ಮೇಲಿರುವ ಊಟಿಯಲ್ಲಿ ಗಾಳಿ ಶುದ್ಧ, ತಂಪು. ಇನ್ನು ಲೇಪ ಹಾಕುವ, ಕತ್ತರಿಸುವ ಕೆಲಸವೆಲ್ಲ ಕತ್ತಲಲ್ಲಿ. ಬೆಳಕಿಗೆ ಬೇಕಾದ ವಸ್ತುವನ್ನು ಬೆಳಕು ಕಾಣದೆ ಮಾಡಬೇಕು. ಕೆಲಸಗಾರರು ಕೈ ಅಭ್ಯಾಸ, ಕಾಲು ಅಭ್ಯಾಸದ ಮೇಲೆ ಓಡಾಡಬೇಕು.

ಬ್ರ್ಯಾಂಡಿನ ಹೆಸರು 'ಇಂದು'. ಚಂದ್ರ ಅಂತ ಅರ್ಥ. ಬೆಳ್ಳಿಯ ಸಾಮಾನಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಕನ್ನಡದವರಿಗೆ 'ಈ ದಿನ' ಅಂತಲೂ ಕೇಳುತ್ತದೆ, ಫೋಟೋಗೆ ಅದೂ ಸರಿಯೇ. ಇಂದು ರೋಲು, ಇಂದು ಬ್ರೋಮೈಡ್ ಪೇಪರ್, ಇಂದು ಎಕ್ಸ್‌ರೇ. ಕಾರ್ಖಾನೆ ಸುತ್ತಲಿನ ಬಡಾವಣೆಗೂ ಇಂದು ನಗರ ಅಂತಲೇ ಹೆಸರು ಬಂತು. ನಮ್ಮ ಕಡೆಯ ಹಳ್ಳಿ ಆಸ್ಪತ್ರೆಯಲ್ಲಿ ಮೂಳೆ ಮುರಿದವರ ಎಷ್ಟೋ ಎಕ್ಸ್‌ರೇ ತೆಗೆದದ್ದು ಇದೇ ಫಿಲಂನಲ್ಲಿ.

ಬಿದ್ದದ್ದು ಹೇಗೆ? ಮೊಬೈಲ್ ಬಂತು, ಫಿಲಂ ಹೋಯಿತು ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಲೆಕ್ಕ ಹಾಗಿಲ್ಲ. ಕಂಪನಿ ಹಾಸಿಗೆ ಹಿಡಿದದ್ದು ಡಿಜಿಟಲ್ ಕ್ಯಾಮೆರಾ ನಮ್ಮ ಊರುಗಳಿಗೆ ಬರುವ ಎಷ್ಟೋ ಮೊದಲು. ಬಣ್ಣದ ಫಿಲಂ ಪೂರ್ತಿಯಾಗಿ ಇಲ್ಲಿ ತಯಾರಾಗಲೇ ಇಲ್ಲ. ಹೊರಗಿನಿಂದ ದೊಡ್ಡ ಸುರುಳಿ ತರಿಸಿ, ಕತ್ತರಿಸಿ, ಡಬ್ಬಿಗೆ ತುಂಬುತ್ತಿದ್ದರು. ಆಮೇಲೆ ಅಮೆರಿಕದ ಡ್ಯುಪಾಂಟ್ ತಂತ್ರಜ್ಞಾನದಲ್ಲಿ ಪಾಲಿಯೆಸ್ಟರ್ ಎಕ್ಸ್‌ರೇ ಫಿಲಂ ಘಟಕ ಕಟ್ಟಲು ಭಾರಿ ಸಾಲ ಮಾಡಿದರು. 1991ರ ನಂತರ ಆಮದು ಸುಂಕ ಇಳಿಯಿತು, ಹೊರಗಿನ ಫಿಲಂ ಅಗ್ಗವಾಗಿ ಬಂತು. ರೂಪಾಯಿ ಬೆಲೆ ಕುಸಿಯಿತು. ಬಡ್ಡಿ ಮಾತ್ರ ಏರುತ್ತಾ ಹೋಯಿತು. ನನ್ನ ಅಭಿಪ್ರಾಯದಲ್ಲಿ ಇಂದುವನ್ನು ಮೊದಲು ಕೆಡವಿದ್ದು ಸಾಲ. ಡಿಜಿಟಲ್ ಬಂದು ಮಣ್ಣು ಹಾಕಿತು.

1990ರ ದಶಕದಲ್ಲೇ ರೋಗಗ್ರಸ್ತ ಉದ್ದಿಮೆ ಅಂತ ಹಣೆಪಟ್ಟಿ ಬಿತ್ತು. 2003ರಲ್ಲಿ ಮುಚ್ಚಬೇಕೆಂಬ ಶಿಫಾರಸು ಬಂತು. ವಿಷಯ ಕೋರ್ಟಿಗೆ ಹೋಯಿತು. ಅಲ್ಲಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಲೂ ಇಲ್ಲ, ಸರಿಯಾಗಿ ನಡೆಸಲೂ ಇಲ್ಲ. ಕೊನೆಗೆ 2014ರಲ್ಲಿ ಕೇಂದ್ರ ಸಂಪುಟ ಉಳಿದಿದ್ದ 714 ನೌಕರರ ಸ್ವಯಂ ನಿವೃತ್ತಿಗೆ ಸುಮಾರು 181 ಕೋಟಿ ರೂಪಾಯಿ ಒಪ್ಪಿತು. ಕತ್ತಲಲ್ಲಿ ಕೈ ಪಳಗಿಸಿಕೊಂಡವರಿಗೆ ಆ ಕೈಗೆ ಹೊಂದುವ ಬೇರೆ ಕೆಲಸ ಊಟಿಯಲ್ಲಿ ಎಲ್ಲಿತ್ತು?

ಇದನ್ನೆಲ್ಲ ತಿಳಿದುಕೊಂಡ ಮೇಲೆ ನಾನು ಮತ್ತೆ ಆ ಹಿರಿಯರ ಮನೆಗೆ ಹೋದೆ. ಹಳೇ ನೆಗೆಟಿವ್‌ಗಳನ್ನು ನೋಡಬೇಕಿತ್ತು. ಸುತ್ತಲಿನ ಊರುಗಳ ಮದುವೆ, ಶಾಲೆಯ ಗ್ರೂಪ್ ಫೋಟೋ, ತೀರಿಹೋದವರ ಮುಖ, ಎಲ್ಲ ಅದರಲ್ಲೇ ಇರಬೇಕಲ್ಲ. ಒಂದೂ ಉಳಿದಿರಲಿಲ್ಲ. ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ತೆಗೆಯುವವರಿಗೆ ಮಾರಲು ಗುಜರಿಯವರು ಹಳೇ ಎಕ್ಸ್‌ರೇ, ನೆಗೆಟಿವ್ ಕೊಳ್ಳುತ್ತಾರೆ. ಅಂಗಡಿ ಖಾಲಿ ಮಾಡುವಾಗ ಇವರೂ ಕೆ.ಜಿ. ಲೆಕ್ಕದಲ್ಲಿ ಕೊಟ್ಟುಬಿಟ್ಟಿದ್ದರು.

'ಯಾರಾದರೂ ಬಂದು ಕೇಳಿದ್ದರೆ ಇಟ್ಟುಕೊಳ್ಳುತ್ತಿದ್ದೆ' ಅಂದರು. ಕ್ಯಾಮೆರಾ ಯಾಕೆ ಕೊಡಲಿಲ್ಲ ಅಂತ ಕೇಳಿದೆ. ಅದರ ಹಿತ್ತಾಳೆ ಮೂಲೆಯನ್ನು ಪಂಚೆಯ ತುದಿಯಿಂದ ಒರೆಸುತ್ತಾ ಹೇಳಿದರು, 'ತೇಗ ಅಲ್ವೇನಪ್ಪಾ.'