ಕೋವಿಯ ಜಾಗಕ್ಕೆ ಬೈನಾಕ್ಯುಲರ್

ಚಳಿಗಾಲದ ಬೆಳಗ್ಗೆ ಕೆರೆಯ ದಂಡೆಯಲ್ಲಿ ಅಪರೂಪದ ಹಕ್ಕಿಯೊಂದನ್ನು ಕಂಡಿರಿ ಎನ್ನಿ. ನೀವು ಕ್ಯಾಮೆರಾ ಎತ್ತುತ್ತೀರಿ. 19ನೇ ಶತಮಾನದ ಪಕ್ಷಿವಿಜ್ಞಾನಿ ಕೋವಿ ಎತ್ತುತ್ತಿದ್ದ. ಹಕ್ಕಿಯ ತೊಗಲನ್ನು ತೋರಿಸದೆ ಬರೀ ‘ಕಂಡೆ’ ಎಂದರೆ ಇತರರು ಒಪ್ಪುವುದು ಕಷ್ಟವಿತ್ತು. ಅಪರೂಪವಾದಷ್ಟೂ ಹಕ್ಕಿಗೆ ಅಪಾಯ!

ಇದು ಬದಲಾಗಲು ಕರುಣೆಯೊಂದೇ ಸಾಲದು. ದೂರದಿಂದ ಗುರುತಿಸುವ ಸಾಧನವೂ ಬೇಕಿತ್ತು. ನಾಟಕ ನೋಡಲು ಬಳಸುವ ಪುಟ್ಟ ದುರ್ಬೀನಿನಿಂದಲೇ ಹಕ್ಕಿ ನೋಡುವುದನ್ನು ಕಲಿಸುವ ಪುಸ್ತಕವೊಂದನ್ನು ಅಮೆರಿಕದ ಫ್ಲಾರೆನ್ಸ್ ಮೆರಿಯಮ್ 1889ರಲ್ಲಿ ಪ್ರಕಟಿಸಿದರು. ಆದರೆ ಅದು ಗೆಲಿಲಿಯೊ ಮಾದರಿಯ ದುರ್ಬೀನು: ಮುಂದೆ ಪೀನ ಮಸೂರ, ಕಣ್ಣಿನ ಬಳಿ ನಿಮ್ನ ಮಸೂರ. ಬಿಂಬವೇನೋ ನೇರ, ವರ್ಧನೆ ಹೆಚ್ಚಿಸಿದರೆ ನೋಟದ ಹರವು ತೀರ ಕುಗ್ಗುತ್ತದೆ, ಹಾರುವ ಹಕ್ಕಿ ತಪ್ಪಿಹೋಗುತ್ತದೆ. ಎರಡೂ ಕಡೆ ಪೀನ ಮಸೂರವಿಟ್ಟರೆ ಹರವು ಹೆಚ್ಚುತ್ತದೆ, ಬಿಂಬ ತಲೆಕೆಳಗಾಗುತ್ತದೆ. 1894ರಲ್ಲಿ ಜರ್ಮನಿಯ ಝೈಸ್ ಕಂಪನಿ ಮಾರಾಟಕ್ಕೆ ತಂದ ಬೈನಾಕ್ಯುಲರಿನ ಪ್ರತಿ ಕೊಳವೆಯಲ್ಲೂ ಎರಡು ಪಟ್ಟಕಗಳಿದ್ದವು. ಅವುಗಳೊಳಗೆ ಬೆಳಕು ನಾಲ್ಕು ಸಲ ಪೂರ್ಣ ಆಂತರಿಕ ಪ್ರತಿಫಲನ ಹೊಂದಿ, ಬಿಂಬ ನೆಟ್ಟಗಾಗುತ್ತದೆ. (ಪಟ್ಟಕವೆಂದರೆ ಏಳು ಬಣ್ಣ ಎಂದಷ್ಟೇ ಪಾಠ ಮುಗಿಸುವ ಅಧ್ಯಾಪಕರು ಗಮನಿಸಬೇಕು.)

ಆ ಕಾಲದ ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು ಹಕ್ಕಿ, ಪ್ರಾಣಿಗಳನ್ನು ಹೊಡೆಯುವ ಪಂದ್ಯವಿತ್ತು. ಹೊಡೆಯುವ ಬದಲು ಎಣಿಸೋಣ ಎಂದವರು ಪಕ್ಷಿವಿಜ್ಞಾನಿ ಫ್ರಾಂಕ್ ಚಾಪ್‌ಮನ್. 1900ರ ಡಿಸೆಂಬರ್ 25ರಂದು 27 ಮಂದಿ 25 ಕಡೆ ಹಕ್ಕಿಗಳನ್ನು ಎಣಿಸಿದರು. ಆ ಎಣಿಕೆ ಇಂದಿಗೂ ನಡೆಯುತ್ತಿದೆ. 1934ರಲ್ಲಿ ರೋಜರ್ ಟೋರಿ ಪೀಟರ್‌ಸನ್ ತಮ್ಮ ಕೈಪಿಡಿಯ ಚಿತ್ರಗಳಲ್ಲಿ, ದೂರದಿಂದಲೇ ಕಾಣುವ ಗುರುತುಗಳನ್ನು ಪುಟ್ಟ ಗೆರೆ ಎಳೆದು ತೋರಿಸಿದರು.

ಇಂದು ತೊಗಲಿನ ಬದಲು ನಿಮ್ಮ ಛಾಯಾಚಿತ್ರವೇ ಸಾಕ್ಷಿಯಾಗಬಲ್ಲದು. ಅದರೊಡನೆ ದಿನಾಂಕ, ಸ್ಥಳ ಬರೆದಿಡಿ. ಹಿಂದೆ ಸತ್ತ ಹಕ್ಕಿಯ ಕಾಲಿಗೆ ಕಟ್ಟುತ್ತಿದ್ದ ಚೀಟಿಯಲ್ಲೂ ಅವೇ ಇರುತ್ತಿದ್ದವು.