ವೈರಿಗಳು ಕೂಡಿ ಬರೆದ ಪಾಠ: ಫ್ರಾನ್ಸ್–ಜರ್ಮನಿಗಳ ಪಠ್ಯಪುಸ್ತಕ ಸಂಧಾನ

ಫ್ರೆಂಚ್ ಕಥೆಗಾರ ಅಲ್ಫೋನ್ಸ್ ದೊದೆಯ ‘ಕೊನೆಯ ಪಾಠ’ ಭಾರತದ ವಿದ್ಯಾರ್ಥಿಗಳಿಗೂ ಪರಿಚಿತವಾದ ಕಥೆ. ಎನ್‌ಸಿಇಆರ್‌ಟಿಯ 12ನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅದು ಸೇರಿದೆ. 1870–71ರ ಯುದ್ಧದಲ್ಲಿ ಸೋತ ಫ್ರಾನ್ಸ್ ಅಲ್ಸಾಸ್ ಮತ್ತು ಲೊರೇನ್ ಸೀಮೆಗಳನ್ನು ಜರ್ಮನಿಗೆ ಒಪ್ಪಿಸಬೇಕಾಯಿತು. ಹಳ್ಳಿಯ ಶಾಲೆಯೊಂದರಲ್ಲಿ ಮುದಿ ಉಪಾಧ್ಯಾಯನು ಫ್ರೆಂಚ್ ಭಾಷೆಯ ಕಡೆಯ ಪಾಠವನ್ನು ಹೇಳಿ ಮುಗಿಸುವುದು ಕಥೆಯ ವಸ್ತು. ಅದನ್ನು ಓದಿ ಮನಸ್ಸು ಕರಗದವರಿಲ್ಲ. ಆದರೆ ಅಲ್ಸಾಸಿನ ಬಹುಪಾಲು ಮಕ್ಕಳ ಮನೆಮಾತು ಜರ್ಮನ್ ಭಾಷೆಯ ಒಂದು ಪ್ರಭೇದವೇ ಆಗಿತ್ತೆಂಬ ಸಂಗತಿ ಓದುಗನ ಗಮನಕ್ಕೆ ಬರುವುದಿಲ್ಲ. ಕಣ್ಣೀರು ಸತ್ಯ, ಆದರೆ ಚಿತ್ರ ಅರ್ಧ. ಮುಂದಿನ 70 ವರ್ಷಗಳ ಕಾಲ ಎರಡು ದೇಶಗಳ ಮಕ್ಕಳು ಶಾಲೆಯಲ್ಲಿ ಕಲಿತದ್ದು ಇಂಥ ಅರ್ಧ ಚಿತ್ರಗಳನ್ನೇ.

1887ರಲ್ಲಿ ಅಲ್ಬೇರ್ ಬೆತಾನಿಯೇ ಎಂಬ ಚಿತ್ರಕಾರ ರಚಿಸಿದ ‘ಕಪ್ಪು ಕಲೆ’ ಎಂಬ ಚಿತ್ರ ಈ ಶಿಕ್ಷಣದ ಸ್ವರೂಪವನ್ನು ಕಣ್ಣಿಗೆ ಕಟ್ಟುತ್ತದೆ. ಅದರಲ್ಲಿ ಉಪಾಧ್ಯಾಯನೊಬ್ಬ ಫ್ರಾನ್ಸಿನ ಭೂಪಟದ ಮೇಲೆ ಕಳೆದುಹೋದ ಸೀಮೆಗಳ ಕಪ್ಪು ಗುರುತನ್ನು ಬಾಲಕನಿಗೆ ತೋರಿಸುತ್ತಿದ್ದಾನೆ. ಅದೇ ಕಾಲದಲ್ಲಿ ಜರ್ಮನಿಯ ಶಾಲೆಗಳಲ್ಲಿ ಸೆಪ್ಟೆಂಬರ್ 2ರಂದು ಸೆದಾನ್ ವಿಜಯೋತ್ಸವದ ಆಚರಣೆ ನಡೆಯುತ್ತಿತ್ತು. ಒಂದು ಕಡೆ ಸೇಡಿನ ದೀಕ್ಷೆ, ಇನ್ನೊಂದು ಕಡೆ ಗೆಲುವಿನ ಮದ. 1871ರಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆಯಾದದ್ದು ಫ್ರಾನ್ಸಿನ ವೆರ್ಸೈ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ. 1919ರಲ್ಲಿ ಸೋತ ಜರ್ಮನಿಯಿಂದ ಸಹಿ ಹಾಕಿಸಿಕೊಂಡದ್ದೂ ಅಲ್ಲಿಯೇ. 1918ರ ಯುದ್ಧವಿರಾಮಕ್ಕೆ ಕಾಂಪಿಯೇನ್ ಅರಣ್ಯದ ಯಾವ ರೈಲು ಗಾಡಿಯಲ್ಲಿ ಒಪ್ಪಿಗೆಯಾಗಿತ್ತೋ, 1940ರಲ್ಲಿ ಹಿಟ್ಲರ್ ಅದೇ ಗಾಡಿಯಲ್ಲಿ ಫ್ರಾನ್ಸಿನಿಂದ ಸಹಿ ಪಡೆದ. ಹಗೆಗೆ ಇಷ್ಟೊಂದು ನಿಖರವಾದ ನೆನಪು ಇರುವುದು ಅದನ್ನು ತಲೆಮಾರಿನಿಂದ ತಲೆಮಾರಿಗೆ ಕಲಿಸಿಕೊಟ್ಟಾಗ ಮಾತ್ರ.

ಈ ಕಲಿಕೆಯನ್ನೇ ಬದಲಿಸಬೇಕೆಂಬ ವಿಚಾರ ಮೊದಲ ಮಹಾಯುದ್ಧದ ಚಿತಾಭಸ್ಮದಿಂದ ಎದ್ದು ಬಂದಿತು. ರಾಷ್ಟ್ರಸಂಘವು 1922ರಲ್ಲಿ ಬೌದ್ಧಿಕ ಸಹಕಾರದ ಅಂತರರಾಷ್ಟ್ರೀಯ ಸಮಿತಿಯೊಂದನ್ನು ರಚಿಸಿತು. ದಾರ್ಶನಿಕ ಹೆನ್ರಿ ಬರ್ಗ್ಸನ್ ಅದರ ಅಧ್ಯಕ್ಷ. ಮೇರಿ ಕ್ಯೂರಿ, ಐನ್‌ಸ್ಟೈನ್ ಅದರ ಸದಸ್ಯರು. ಭಾರತದ ಜಗದೀಶಚಂದ್ರ ಬೋಸರೂ ಮುಂದೆ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರೂ ಅದರಲ್ಲಿ ಕುಳಿತಿದ್ದರು. ನೆರೆಯ ರಾಷ್ಟ್ರದ ಬಗೆಗೆ ತಪ್ಪು ತಿಳಿವಳಿಕೆಯನ್ನು ಬಿತ್ತುವ ಪಾಠಗಳನ್ನು ಗುರುತಿಸಿ ತಿದ್ದುವಂತೆ ಪರಸ್ಪರ ಕೇಳಿಕೊಳ್ಳುವ ಒಂದು ವಿಧಾನವನ್ನು ಸ್ಪೇನಿನ ಹೂಲಿಯೊ ಕಸಾರೆಸ್ ಈ ಸಮಿತಿಯ ಮುಂದಿಟ್ಟ. ಸಮಿತಿಗೆ ಆಜ್ಞೆ ಮಾಡುವ ಅಧಿಕಾರವಿರಲಿಲ್ಲ. ಕೇಳುವುದಷ್ಟೇ ಅದರ ಕೈಯಲ್ಲಿದ್ದದ್ದು.

ಸರಕಾರಗಳು ಮಾಡದ ಕೆಲಸಕ್ಕೆ ಉಪಾಧ್ಯಾಯರು ಮುಂದಾದರು. ಅವರಲ್ಲಿ ಜೂಲ್ಸ್ ಇಸಾಕ್‌ನ ಹೆಸರು ಪ್ರಮುಖವಾದುದು. 1877ರಲ್ಲಿ ಜನಿಸಿದ ಈ ಯೆಹೂದಿ ವಿದ್ವಾಂಸ ಫ್ರಾನ್ಸಿನ ಹಲವು ತಲೆಮಾರುಗಳ ವಿದ್ಯಾರ್ಥಿಗಳು ಓದಿದ ‘ಮಾಲೆ–ಇಸಾಕ್’ ಇತಿಹಾಸ ಪಠ್ಯಮಾಲೆಯ ಕರ್ತೃಗಳಲ್ಲೊಬ್ಬ. ಮಾಲೆಯ ಮೊದಲ ಲೇಖಕ ಅಲ್ಬೇರ್ ಮಾಲೆ 1915ರಲ್ಲಿ ಯುದ್ಧರಂಗದಲ್ಲಿ ಮಡಿದ. ಕಂದಕಗಳಲ್ಲಿ ಹೋರಾಡಿ ವೆರ್ಡನ್ ಬಳಿ ಗಾಯಗೊಂಡು ಬದುಕಿ ಬಂದ ಇಸಾಕ್ ಆ ಪಠ್ಯಗಳನ್ನು ಹೊಸದಾಗಿ ಬರೆಯುವ ಹೊಣೆಯನ್ನು ಹೊತ್ತ. 1914ರ ಯುದ್ಧದ ಮೂಲಕಾರಣಗಳನ್ನು ದಾಖಲೆಗಳ ಆಧಾರದಿಂದ ಪರಿಶೀಲಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಎಲ್ಲ ಪಾಪವನ್ನೂ ಎದುರಾಳಿಯ ತಲೆಗೆ ಕಟ್ಟುವ ಅನುಕೂಲ ಅವನ ಕಣ್ಣಿಗೆ ಇತಿಹಾಸಕಾರನಿಗೆ ತಕ್ಕುದಾಗಿರಲಿಲ್ಲ. ಜರ್ಮನರ ಗುಂಡಿನ ಎದುರು ನಿಂತಿದ್ದವನೇ ಈ ಮಾತನ್ನು ಹೇಳಿದ್ದರಿಂದ ಅದಕ್ಕೆ ತೂಕವಿತ್ತು.

1935ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಮತ್ತು ಜರ್ಮನ್ ಇತಿಹಾಸ ಶಿಕ್ಷಕರು ಸೇರಿದರು. ಇಸಾಕ್ ಆ ಸಭೆಯಲ್ಲಿದ್ದ. ಎರಡೂ ದೇಶಗಳ ಪಠ್ಯಗಳು ಒಪ್ಪಬಹುದಾದ ಸುಮಾರು 40 ನಿರ್ಣಯಗಳು ಸಿದ್ಧವಾದವು. ಆದರೆ ಅಷ್ಟರಲ್ಲಿ ಹಿಟ್ಲರ್ ಅಧಿಕಾರಕ್ಕೇರಿ ಎರಡು ವರ್ಷಗಳಾಗಿದ್ದವು. ಜನಾಂಗದ ಶ್ರೇಷ್ಠತೆಯನ್ನು ಬೋಧಿಸುತ್ತಿದ್ದ ಶಾಲೆಗಳಲ್ಲಿ ಇಂಥ ನಿರ್ಣಯಗಳಿಗೆ ಸ್ಥಳವೆಲ್ಲಿಯದು? ಐದು ವರ್ಷಗಳಲ್ಲಿ ಜರ್ಮನ್ ಸೈನ್ಯ ಪ್ಯಾರಿಸನ್ನು ಹೊಕ್ಕಿತು. ಯೆಹೂದಿಗಳನ್ನು ಸರಕಾರಿ ಹುದ್ದೆಗಳಿಂದ ಹೊರದೂಡಿದ ಕಾನೂನಿನ ಫಲವಾಗಿ ಇಸಾಕ್ ಶಿಕ್ಷಣ ಇಲಾಖೆಯ ತನ್ನ ಸ್ಥಾನವನ್ನು ಕಳೆದುಕೊಂಡ. 1943ರ ಅಕ್ಟೋಬರಿನಲ್ಲಿ ಅವನ ಕುಟುಂಬದವರನ್ನು ಬಂಧಿಸಲಾಯಿತು. ಆ ಹೊತ್ತಿನಲ್ಲಿ ಹೊರಗಿದ್ದ ಕಾರಣ ಅವನೊಬ್ಬ ಉಳಿದ. ಹೆಂಡತಿ ಲೋರ್ ಮತ್ತು ಮಗಳು ಜೂಲಿಯೆತ್ ಆಶ್ವಿಟ್ಸ್‌ನಲ್ಲಿ ಕೊಲೆಯಾದರು. ಹಿಡಿದ ಕೆಲಸವನ್ನು ಪೂರೈಸಬೇಕೆಂದು ಬಂಧನದಿಂದಲೇ ಹೆಂಡತಿ ಅವನಿಗೆ ಸಂದೇಶ ಕಳುಹಿಸಿದ್ದಳು.

ಸಂಧಾನದ ಮಾತನ್ನಾಡಿದವನಿಗೆ ದೊರೆತ ಪ್ರತಿಫಲ ಇದಾದರೆ, ಆ ಮಾತಿಗೆ ಅರ್ಥವೇನು? 1945ರ ಯುರೋಪಿನಲ್ಲಿ ಈ ಪ್ರಶ್ನೆಯನ್ನು ಕೇಳುವ ಹಕ್ಕು ಅನೇಕರಿಗಿತ್ತು. ಅಚ್ಚರಿಯ ಸಂಗತಿಯೆಂದರೆ, ಜರ್ಮನಿಯತ್ತ ಮೊದಲು ಕೈಚಾಚಿದವರಲ್ಲಿ ಹಲವರು ನಾಜಿ ಶಿಬಿರಗಳಿಂದ ಜೀವಂತವಾಗಿ ಮರಳಿದವರೇ ಆಗಿದ್ದರು. ಮ್ಯೂನಿಕ್‌ನಲ್ಲಿ ಹುಟ್ಟಿ, ಫ್ರಾನ್ಸಿಗೆ ವಲಸೆ ಬಂದು, ಪ್ರತಿರೋಧ ಚಳವಳಿಯಲ್ಲಿ ಸೇರಿ ದಖಾವ್ ಶಿಬಿರವನ್ನು ಕಂಡಿದ್ದ ಜೋಸೆಫ್ ರೋವಾನ್, ಬಿಡುಗಡೆಯಾದ ಕೆಲವೇ ತಿಂಗಳುಗಳಲ್ಲಿ ‘ಎಸ್ಪ್ರಿ’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದ. ಮುಂದಿನ ಜರ್ಮನಿ ಹೇಗಿರುತ್ತದೆಂಬುದು ಈಗ ಅದನ್ನು ಆಳುತ್ತಿರುವ ಫ್ರೆಂಚರ ನಡತೆಯನ್ನೂ ಅವಲಂಬಿಸಿದೆ ಎಂಬುದು ಅದರ ತಿರುಳು. ಬುಖೆನ್‌ವಾಲ್ಡ್ ಶಿಬಿರದಿಂದ ಉಳಿದು ಬಂದ ಲೂಸಿಯೆನ್ ತರಾದಾನ್ ಮೊಂಬೆಲಿಯಾರ್ ಪಟ್ಟಣದ ಮೇಯರ್ ಆಗಿದ್ದಾಗಲೇ, 1950ರಲ್ಲಿ, ಆ ಪಟ್ಟಣವೂ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಪಟ್ಟಣವೂ ಸೋದರ ನಗರಗಳಾದವು. ಎರಡು ದೇಶಗಳ ನಡುವಿನ ಇಂಥ ನಂಟುಗಳಲ್ಲಿ ಇದೇ ಮೊದಲನೆಯದು. ಇಂದು ಅವುಗಳ ಸಂಖ್ಯೆ 2,000ವನ್ನು ಮೀರಿದೆ.

ಜರ್ಮನಿಯ ಕಡೆಯಿಂದ ಈ ಕೆಲಸಕ್ಕೆ ಆಧಾರಸ್ತಂಭವಾದವನು ಗೆಯೋರ್ಗ್ ಎಕರ್ಟ್. ಬ್ರೌನ್‌ಶ್ವೈಗ್ ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದ ಈತ 1951ರಲ್ಲಿ ಪಠ್ಯಪುಸ್ತಕಗಳ ಸುಧಾರಣೆಗೆಂದೇ ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿದ. ಅದೇ ವರ್ಷ ಎರಡೂ ದೇಶಗಳ ಇತಿಹಾಸಕಾರರು ಮತ್ತೆ ಸೇರಿದರು. ಅವರು ಹೊಸ ಕಾಗದವನ್ನು ಎತ್ತಿಕೊಳ್ಳಲಿಲ್ಲ. 1935ರ ನಿರ್ಣಯಗಳನ್ನೇ ಮುಂದಿಟ್ಟುಕೊಂಡು ಚರ್ಚೆಯನ್ನು ಆರಂಭಿಸಿದರು. 16 ವರ್ಷಗಳ ಹಿಂದೆ ವ್ಯರ್ಥವಾಯಿತೆಂದು ತೋರಿದ್ದ ಶ್ರಮ ಕಪಾಟಿನಲ್ಲಿ ಕಾಯುತ್ತಿತ್ತು. 1914ರಲ್ಲಿ ಯಾವುದೇ ಒಂದು ಸರಕಾರ ಅಥವಾ ಜನತೆ ಯುರೋಪಿನ ಯುದ್ಧವನ್ನು ಮೊದಲೇ ಯೋಚಿಸಿ ಬಯಸಿತ್ತೆಂದು ಹೇಳಲು ದಾಖಲೆಗಳು ಎಡೆಗೊಡುವುದಿಲ್ಲವೆಂಬುದು ಅವರು ಒಪ್ಪಿದ ಮುಖ್ಯ ಅಂಶಗಳಲ್ಲೊಂದು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಹತ್ತು ವರ್ಷಗಳ ಬಳಿಕ, 1961ರಲ್ಲಿ, ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಶರ್ ತನ್ನ ದೇಶದ ಪತ್ರಾಗಾರಗಳನ್ನೇ ಶೋಧಿಸಿ, ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಹೊಣೆ ಮಿಕ್ಕವರಿಗಿಂತ ಬಹಳ ದೊಡ್ಡದೆಂದು ವಾದಿಸಿದ. ವಿದ್ವಾಂಸರ ಒಪ್ಪಂದಕ್ಕೆ ಹೊಸ ಸಂಶೋಧನೆ ಪೆಟ್ಟು ಕೊಟ್ಟಿತು. ಶಾಂತಿಗಾಗಿ ಸಮತೂಕವನ್ನು ಸಾಧಿಸುವ ಆತುರದಲ್ಲಿ ಸತ್ಯ ಮಸುಕಾಗಬಹುದೆಂಬ ಎಚ್ಚರಿಕೆ ಇದರಲ್ಲಿದೆ. ಆದರೂ ಗಮನಾರ್ಹವಾದುದೆಂದರೆ, ಫಿಶರನ ವಾದದಿಂದ ಉರಿದೆದ್ದ ಬಿರುಸಿನ ಕಲಹ ನಡೆದದ್ದು ಬಹುಮಟ್ಟಿಗೆ ಜರ್ಮನರ ನಡುವೆಯೇ. ಫ್ರೆಂಚರ ಸೇಡನ್ನು ಅದು ಮತ್ತೆ ಹೊತ್ತಿಸಲಿಲ್ಲ. ಅಭಿಪ್ರಾಯಭೇದ ಇನ್ನು ದೇಶಗಳ ಗಡಿಯನ್ನು ಅನುಸರಿಸಬೇಕಾಗಿರಲಿಲ್ಲ. ಪ್ರಾಯಶಃ ಒಪ್ಪಿದ ನಿರ್ಣಯಗಳಿಗಿಂತ ಇದೇ ಆ ಸಭೆಗಳ ದೊಡ್ಡ ಸಾಧನೆ.

ಇದೆಲ್ಲವೂ ಉಪಾಧ್ಯಾಯರ ಸದ್ಭಾವನೆಯಿಂದ ಮಾತ್ರ ನಡೆಯಿತೆಂದರೆ ತಪ್ಪಾದೀತು. 1950ರ ಮೇ 9ರ ಶೂಮಾನ್ ಘೋಷಣೆಯು ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ವ್ಯವಸ್ಥೆಯಡಿ ತರುವ ದಾರಿಯನ್ನು ತೆರೆಯಿತು. ಪೂರ್ವದಲ್ಲಿ ಸೋವಿಯತ್ ಬಲದ ಭಯ ಪಶ್ಚಿಮದ ಹಳೆಯ ವೈರಿಗಳನ್ನು ಹತ್ತಿರ ತಂದಿತು. 1935ರಲ್ಲಿ ಇದ್ದ ಸದಾಶಯ 1951ರಲ್ಲಿಯೂ ಇತ್ತು. 1935ರಲ್ಲಿ ಇಲ್ಲದ ರಾಜಕೀಯ ಇಚ್ಛೆ ಈಗ ಅದರ ಜೊತೆಗೂಡಿತು.

ಆ ಇಚ್ಛೆ ಸ್ಪಷ್ಟ ರೂಪ ತಾಳಿದ್ದು ಇಬ್ಬರು ವೃದ್ಧ ರಾಜಕಾರಣಿಗಳಿಂದ. ಜನರಲ್ ಡಿ ಗಾಲ್ 1916ರಲ್ಲಿ ವೆರ್ಡನ್ ಯುದ್ಧದಲ್ಲಿ ಸೆರೆಸಿಕ್ಕಿ ಯುದ್ಧ ಮುಗಿಯುವವರೆಗೆ ಜರ್ಮನಿಯಲ್ಲಿ ಬಂಧಿಯಾಗಿದ್ದವನು. 1962ರ ಸೆಪ್ಟೆಂಬರ್ 9ರಂದು ಲುಡ್ವಿಗ್ಸ್‌ಬುರ್ಗ್ ಅರಮನೆಯ ಅಂಗಳದಲ್ಲಿ ನೆರೆದ ಜರ್ಮನ್ ಯುವಜನರಿಗೆ ಅವನು ಜರ್ಮನ್ ಭಾಷೆಯಲ್ಲಿಯೇ ಭಾಷಣ ಮಾಡಿದ. ಅಪರಾಧದ ಹೊರೆಯನ್ನು ಹೊತ್ತು ತಲೆತಗ್ಗಿಸಿದ್ದ ತಲೆಮಾರಿಗೆ, ಅವರು ಒಂದು ಮಹಾನ್ ಜನತೆಯ ಮಕ್ಕಳೆಂದು ಹೇಳಿ ಅಭಿನಂದಿಸಿದ. 1963ರ ಜನವರಿ 22ರಂದು ಅವನೂ ಜರ್ಮನ್ ಚಾನ್ಸಲರ್ ಕೊನ್ರಾಡ್ ಆಡೆನಾವರನೂ ಎಲಿಜೆ ಅರಮನೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ವಿದೇಶಾಂಗ ನೀತಿ ಮತ್ತು ರಕ್ಷಣೆಗಳ ಸಾಲಿನಲ್ಲಿಯೇ ಶಿಕ್ಷಣ ಮತ್ತು ಯುವಜನರ ವಿಷಯಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಜುಲೈ 5ರಂದು ಎರಡೂ ಸರಕಾರಗಳ ಹಣದಿಂದ ನಡೆಯುವ ಫ್ರಾಂಕೊ–ಜರ್ಮನ್ ಯುವಜನ ಕಚೇರಿ ಅಸ್ತಿತ್ವಕ್ಕೆ ಬಂದಿತು. ಅಂದಿನಿಂದ ಇಂದಿನವರೆಗೆ 90 ಲಕ್ಷಕ್ಕೂ ಹೆಚ್ಚು ಯುವಕ ಯುವತಿಯರು ಅದರ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡಿದ್ದಾರೆ. ಅಜ್ಜಂದಿರು ಬಂದೂಕು ಹಿಡಿದು ದಾಟಿದ್ದ ಗಡಿಯನ್ನು ಮೊಮ್ಮಕ್ಕಳು ಪುಸ್ತಕದ ಚೀಲ ಹೊತ್ತು ದಾಟಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಜೂಲ್ಸ್ ಇಸಾಕ್ ತೀರಿಕೊಂಡ.

2003ರ ಜನವರಿಯಲ್ಲಿ, ಒಪ್ಪಂದದ 40ನೆಯ ವಾರ್ಷಿಕೋತ್ಸವದಂದು, ಎರಡೂ ದೇಶಗಳ ನೂರಾರು ವಿದ್ಯಾರ್ಥಿಗಳು ಬರ್ಲಿನ್ನಿನಲ್ಲಿ ಯುವ ಸಂಸತ್ತಾಗಿ ಸೇರಿದರು. ತಮಗೆ ಒಂದೇ ಇತಿಹಾಸ ಪಠ್ಯಪುಸ್ತಕ ಬೇಕೆಂದು ಕೇಳಿದವರು ಅವರೇ. ಸರಕಾರಗಳು ಒಪ್ಪಿದವು. ಎರಡೂ ದೇಶಗಳ ಲೇಖಕರು ಕೂಡಿ ಬರೆದ, ಭಾಷೆಯೊಂದನ್ನುಳಿದು ಪುಟಪುಟವೂ ಒಂದೇ ಆಗಿರುವ ಪುಸ್ತಕದ ಮೊದಲ ಸಂಪುಟ 2006ರಲ್ಲಿಯೂ ಮುಂದಿನವು 2008 ಮತ್ತು 2011ರಲ್ಲಿಯೂ ಹೊರಬಂದವು. ಬರೆಯುವಾಗ ಅತಿ ಕಠಿಣವೆನಿಸಿದ್ದು ವೆರ್ಡನ್ ಆಗಿರಲಿಲ್ಲ. 1945ರ ನಂತರದ ಅಮೆರಿಕದ ಪಾತ್ರವನ್ನು ಹೇಗೆ ಬಣ್ಣಿಸಬೇಕು, ಕಮ್ಯುನಿಸಮ್ಮನ್ನು ಹೇಗೆ ತೂಗಬೇಕು ಎಂಬಲ್ಲಿ ಫ್ರೆಂಚ್ ಮತ್ತು ಜರ್ಮನ್ ಲೇಖಕರ ದೃಷ್ಟಿ ಬೇರೆಯಾಯಿತು. ಅಂಥ ಭೇದಗಳನ್ನು ಮುಚ್ಚಿಡದೆ, ಎರಡೂ ನೋಟಗಳನ್ನು ಎದುರುಬದುರಾಗಿ ಇಡುವ ಪುಟಗಳನ್ನು ಪುಸ್ತಕದಲ್ಲಿ ಸೇರಿಸಿದರು. ಅದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿರಲಿಲ್ಲವಾದ್ದರಿಂದ ಅದರ ಪ್ರಸಾರ ಸೀಮಿತವಾಗಿಯೇ ಉಳಿಯಿತು.

ಈ ಮಾದರಿ ಬೇರೆಡೆಗೂ ಹರಡಿತು. ಜರ್ಮನಿ ಮತ್ತು ಪೋಲೆಂಡುಗಳ ಪಠ್ಯಪುಸ್ತಕ ಆಯೋಗ 1972ರಲ್ಲಿ, ಶೀತಲಸಮರದ ನಡುವೆಯೇ, ಆರಂಭವಾಯಿತು. ಅವರ ಜಂಟಿ ಪಠ್ಯದ ಮೊದಲ ಸಂಪುಟ ಬರಲು 2016ರವರೆಗೆ ಕಾಯಬೇಕಾಯಿತು. ಜಪಾನ್, ಚೀನಾ ಮತ್ತು ಕೊರಿಯಾಗಳ ವಿದ್ವಾಂಸರು ಹಾಗೂ ಶಿಕ್ಷಕರು 2005ರಲ್ಲಿ ಸರಕಾರಗಳ ಆಶ್ರಯವಿಲ್ಲದೆಯೇ ಜಂಟಿ ಗ್ರಂಥವೊಂದನ್ನು ತಂದರು. ಇಸ್ರೇಲಿನ ಡಾನ್ ಬಾರ್-ಓನ್ ಮತ್ತು ಪ್ಯಾಲೆಸ್ಟೀನಿನ ಸಾಮಿ ಅದ್ವಾನ್ ನೇತೃತ್ವದಲ್ಲಿ ಎರಡೂ ಕಡೆಯ ಉಪಾಧ್ಯಾಯರು ರೂಪಿಸಿದ ಪುಸ್ತಕದ ವಿನ್ಯಾಸ ವಿಶಿಷ್ಟವಾದುದು. ಪುಟದ ಒಂದು ಬದಿಗೆ ಇಸ್ರೇಲಿಗಳ ಕಥನ, ಇನ್ನೊಂದು ಬದಿಗೆ ಪ್ಯಾಲೆಸ್ಟೀನಿಯರ ಕಥನ, ನಡುವೆ ವಿದ್ಯಾರ್ಥಿ ತಾನೇ ಬರೆಯಬೇಕಾದ ಖಾಲಿ ಜಾಗ. ಅದು ಯಾವ ಕಡೆಯಲ್ಲಿಯೂ ಅಧಿಕೃತ ಶಾಲಾಪಠ್ಯವಾಗಲಿಲ್ಲ.

ಹಾಗೆಂದು ಅದನ್ನು ಸೋಲೆಂದು ಬರೆದಿಡುವುದು ಆತುರವಾದೀತು. 1936ರಲ್ಲಿ ನಿಂತು ನೋಡಿದವನಿಗೆ ಪ್ಯಾರಿಸಿನ ನಿರ್ಣಯಗಳೂ ಸೋಲಾಗಿಯೇ ಕಾಣುತ್ತಿದ್ದವು. ಅವುಗಳನ್ನು ಬರೆದವರು ಯುದ್ಧವನ್ನು ತಡೆಯಲಾರದೆ ಹೋದರು. ಅವರಲ್ಲೊಬ್ಬನಿಗೆ ಸ್ವಂತ ಕುಟುಂಬವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಆದರೆ ರಾಜಕೀಯದ ಗಾಳಿ ತಿರುಗಿದಾಗ, ಎಲ್ಲಿಂದ ಮಾತನ್ನು ಆರಂಭಿಸಬೇಕೆಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು. ಬ್ರೌನ್‌ಶ್ವೈಗ್‌ನಲ್ಲಿ ಇಂದು ಎಕರ್ಟನ ಹೆಸರನ್ನು ಹೊತ್ತಿರುವ ಸಂಸ್ಥೆಯ ಗ್ರಂಥಾಲಯದಲ್ಲಿ ಜಗತ್ತಿನ ಅನೇಕ ದೇಶಗಳ ಲಕ್ಷಕ್ಕೂ ಮಿಕ್ಕಿದ ಶಾಲಾಪುಸ್ತಕಗಳಿವೆ. ಒಂದು ದೇಶದ ಮಕ್ಕಳು ನೆರೆಯವರ ಬಗೆಗೆ ಏನನ್ನು ಓದುತ್ತಿದ್ದಾರೆಂದು ತಿಳಿಯಬಯಸುವ ಸಂಶೋಧಕ ಅಲ್ಲಿ ಆ ಪಾಠವನ್ನು ತೆರೆದು ನೋಡಬಹುದು. ನೆರೆಯ ದೇಶದ ಪುಸ್ತಕವೂ ಅದೇ ಸೂರಿನಡಿ ಅವನಿಗೆ ಸಿಗುತ್ತದೆ.