ಬಂದವ್ನೆ, ಹೋಗವ್ನೆ ಮತ್ತು ಜರ್ಮನ್ ಭೂತಕಾಲ

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟಿನ ನೆಪದಲ್ಲಿ ಜರ್ಮನ್ ಕಲಿಯೋಕೆ ಶುರು ಮಾಡಿದೆ. ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಕ್ಲಾಸು. ಪಾಠದಲ್ಲಿ ಬಂದ ಭೂತಕಾಲದ ಹೆಸರು ಪೆರ್ಫೆಕ್ಟ್, ಅಂದರೆ ಜರ್ಮನ್ನರು ಮಾತಾಡುವಾಗ ಬಳಸೋ ಭೂತಕಾಲ. ಮೇಷ್ಟ್ರು ಬೋರ್ಡಿನ ಮೇಲೆ "ಎರ್ ಇಸ್ಟ್ ಗೆಕೊಮೆನ್" ಅಂತ ಬರೆದರು. ಪದಕ್ಕೆ ಪದ ಇಟ್ಟರೆ "ಅವನು ಇದ್ದಾನೆ ಬಂದು". ನನಗೆ ತಟ್ಟನೆ ಹೊಳೆದಿದ್ದು ನಮ್ಮೂರಿನ "ಬಂದವ್ನೆ"!

ನಮ್ಮದು ಮಳವಳ್ಳಿ ಹತ್ತಿರದ ಹಳ್ಳಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ "ಅವ್ನೆ" ಅಂದರೆ ಇದ್ದಾನೆ, "ಅವ್ಳೆ" ಅಂದರೆ ಇದ್ದಾಳೆ. ಬಂದು, ಅವ್ನೆ ಸೇರಿ ಬಂದವ್ನೆ. ಹೋಗಿ, ಅವ್ನೆ ಸೇರಿ ಹೋಗವ್ನೆ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಹೀಗಂದಾಗಲೆಲ್ಲ ಎಲ್ಲರೂ ನಗೋರು. ಎರಡನೇ ಸೆಮಿಸ್ಟರ್ ಹೊತ್ತಿಗೆ ನಾನೂ ಹುಷಾರಾಗಿ "ಬಂದಿದ್ದಾನೆ" ಅನ್ನೋಕೆ ಕಲಿತೆ. ಈಗ ನೋಡಿದರೆ ಫೀಸು ಕಟ್ಟಿ ಅದೇ ಜಾತಿಯ ವ್ಯಾಕರಣ ಕಲೀತಿದೀನಿ :)

ಜರ್ಮನ್ ನಿಯಮ ಇಷ್ಟೇ. ಹಾಬೆನ್ (ಹೊಂದಿರು) ಅಥವಾ ಝೈನ್ (ಇರು) ಅನ್ನೋ ಕ್ರಿಯಾಪದ ಎರಡನೇ ಜಾಗದಲ್ಲಿ, ಮುಖ್ಯ ಕ್ರಿಯೆಯ "ಗೆ" ಹಚ್ಚಿದ ರೂಪ ವಾಕ್ಯದ ಕೊನೆಯಲ್ಲಿ. ಮಾಖೆನ್ ಇದ್ದದ್ದು ಗೆಮಾಖ್ಟ್, ಕೊಮೆನ್ ಇದ್ದದ್ದು ಗೆಕೊಮೆನ್. ಹೋಗು, ಬಾ, ಸಾಯಿ ಥರದ ಚಲನೆ ಅಥವಾ ಸ್ಥಿತಿ ಬದಲಾವಣೆಗೆ ಝೈನ್, ಉಳಿದ ಬಹುಪಾಲಿಗೆ ಹಾಬೆನ್. "ಇದ್ದ", "ಹೊಂದಿದ್ದ" ಅನ್ನೋದಕ್ಕೆ ಮಾತ್ರ ಮಾತಿನಲ್ಲೂ ಹೆಚ್ಚಾಗಿ ಹಳೆಯ ಸರಳ ರೂಪಗಳೇ.

ಯಾಕೆ "ಹೊಂದಿರು"? ಮೊದಲಿಗೆ "ನನ್ನ ಹತ್ತಿರ ಬರೆದ ಕಾಗದ ಇದೆ" ಅನ್ನೋ ಅರ್ಥವೇ ಇತ್ತಂತೆ. ಕ್ರಮೇಣ ಅದು "ನಾನು ಕಾಗದ ಬರೆದೆ" ಆಯಿತು. ಸುಮಾರು 15-16ನೇ ಶತಮಾನದ ಹೊತ್ತಿಗೆ ದಕ್ಷಿಣ ಜರ್ಮನಿಯ ಆಡುಮಾತಿನಿಂದ ಸರಳ ಭೂತಕಾಲವೇ ಮಾಯವಾಗತೊಡಗಿತು. ಅಲ್ಲಿ ಪದದ ಕೊನೆಯ "ಎ" ಬಿದ್ದುಹೋಗಿ "ಝಾಗ್ಟ್" (ಹೇಳುತ್ತಾನೆ), "ಝಾಗ್ಟೆ" (ಹೇಳಿದ) ಒಂದೇ ಥರ ಕೇಳಿಸಿದ್ದು ಒಂದು ಕಾರಣ ಅಂತಾರೆ. ಬರವಣಿಗೆಯಲ್ಲಿ ಮಾತ್ರ ಸರಳ ರೂಪ ಉಳಿಯಿತು. 1534ರಲ್ಲಿ ಪೂರ್ತಿಯಾಗಿ ಬಂದ ಲೂಥರನ ಬೈಬಲ್ ಕತೆ ಹೇಳೋದು ಅದರಲ್ಲೇ. ಉತ್ತರದವರ ಮಾತಿನಲ್ಲಿ ಅದು ಇನ್ನೂ ಸ್ವಲ್ಪ ಜೀವಂತ. ನಮಗೆ ಗೊತ್ತಿರೋರನ್ನೇ ತಗೊಂಡರೆ, 1843ರಲ್ಲಿ ಮಂಗಳೂರ ಸಮಾಚಾರ ತಂದ ಮೊಗ್ಲಿಂಗ್ ದಕ್ಷಿಣದ ವ್ಯುರ್ಟೆಂಬರ್ಗಿನವರು, 1894ರ ನಿಘಂಟಿನ ಕಿಟೆಲ್ ಉತ್ತರದ ಸಮುದ್ರತೀರದವರು.

ಹಾಗಾದರೆ ನಮ್ಮ ಬಂದವ್ನೆಯೂ "ಬಂದ"ವನ್ನು ನುಂಗಿಹಾಕಿತಾ? ಇಲ್ಲ! ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೆನಪಿಸಿಕೊಳ್ಳಿ. ಕ್ರಿ.ಶ. 949-50ರದ್ದು. ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನ ಕೊಂದ, ಮಣಲೇರ ಬಹುಮಾನವಾಗಿ ಕಾಳಿ ಅನ್ನೋ ನಾಯಿಯನ್ನ ಕೇಳಿ ಪಡೆದ, ಆ ನಾಯಿ ಕಾಡುಹಂದಿ ಜೊತೆ ಕಾದಾಡಿ ಎರಡೂ ಸತ್ತವು ಅನ್ನೋ ಕತೆ. ನಾಯಿ, ಹಂದಿಯ ಚಿತ್ರವೂ ಕಲ್ಲಿನ ಮೇಲಿದೆ. ಇವತ್ತು ಅದೇ ತಾಲ್ಲೂಕಿನ ಅಜ್ಜಿ ಈ ಕತೆ ಹೇಳಿದರೂ "ಕೊಂದ, ಸತ್ತೋದ್ವು" ಅಂತಲೇ ಹೇಳ್ತಾಳೆ. ನಮ್ಮಲ್ಲಿ "ಮಾಡಿದನು" ಸವೆದು "ಮಾಡ್ದ" ಆದರೂ "ಮಾಡ್ತಾನೆ" ಜೊತೆ ಗೊಂದಲ ಆಗಲ್ಲ. ಆದ್ದರಿಂದ ಎರಡೂ ಉಳಿದವು, ಎರಡಕ್ಕೂ ಬೇರೆ ಬೇರೆ ಕೆಲಸ. "ಬಂದ" ಅಂದರೆ ನಡೆದುಹೋದ ಸಂಗತಿ. "ಬಂದವ್ನೆ" ಅಂದರೆ ಬಂದು ಈಗಲೂ ಇಲ್ಲೇ ಇದ್ದಾನೆ.

ಈ ವ್ಯತ್ಯಾಸ ನನಗೆ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ. ಸ್ಟುಟ್‌ಗಾರ್ಟ್‌ನಲ್ಲಿದ್ದಾಗ ಭಾನುವಾರ ಮನೆಗೆ ಫೋನ್ ಮಾಡ್ತಿದ್ದೆ. ತಾತ ಎಲ್ಲಿ ಅಂದರೆ ಅವ್ವ "ಗದ್ದೆ ತಾವ್ಕೆ ಹೋಗವ್ರೆ ಕಣಪ್ಪ" ಅನ್ನೋರು. ಹೋಗವ್ರೆ ಅಂದರೆ ಬರ್ತಾರೆ ಅಂತ. ಒಂದು ದಿನ ಬೆಳಗಿನ ಜಾವ ಅವ್ವನ ಫೋನೇ ಬಂತು. "ತಾತ ಹೋಗ್ಬುಟ್ರು ಕಣಪ್ಪ". ಅಷ್ಟೇ, ಇನ್ನೇನೂ ಕೇಳಬೇಕಾಗಿರಲಿಲ್ಲ.

ರಜೆ ಕೇಳೋಕೆ ಹೋದಾಗ ಸಹೋದ್ಯೋಗಿಗೆ ಬಾಯಿಗೆ ಬಂದಂತೆ "ಎರ್ ಇಸ್ಟ್ ಗೆಗಾಂಗೆನ್" ಅಂದೆ. ಆತ ಪಾಪ, "ಎಲ್ಲಿಗೆ?" ಅಂತ ಕೇಳಿದ. ಗೆಸ್ಟೊರ್ಬೆನ್, ಸತ್ತರು ಅಂತ ಬಿಡಿಸಿ ಹೇಳಬೇಕಾಯಿತು. ತಪ್ಪು ಅವನದಲ್ಲ, ಹೋಗವ್ರೆ, ಹೋದ್ರು ಎರಡಕ್ಕೂ ಅವನ ಮಾತಿನಲ್ಲಿ ಇರೋದು ಒಂದೇ ರೂಪ.

ಈಗ ಆಫೀಸಿನಲ್ಲೂ ಧೈರ್ಯವಾಗಿ "ಬಂದವ್ನೆ" ಅಂತೀನಿ. ನಗೋರು ನಗಲಿ. ನಿಮ್ಮ ಕಡೆ ಇದಕ್ಕೆ ಏನಂತಾರೆ? ಹೇಳಿ...